ಹಡಗಿನ ಹಾಲಪ್ಪ ಮೇಸ್ತ್ರಿ

ಹಾಲಪ್ಪ ಮೇಸ್ತ್ರಿ ಸಮುದ್ರ ನೋಡಿದವರೇ ಅಲ್ಲ. ಟೈಟಾನಿಕ್ ಹಡಗು ಮಾತ್ರ ಅವರಿಗೆ ತಮ್ಮ ಹಿತ್ತಲಿನಷ್ಟು ಪರಿಚಿತ. ಹರಿಹರದ ಸೇತುವೆ ರಿಪೇರಿಗೆ ಬಂದಿದ್ದ ಬಿಳಿ ಫೋರ್‌ಮನ್ ಒಬ್ಬ ಅವರ ಪ್ರಾಯದಲ್ಲಿ ಆ ಕತೆ ಹೇಳಿದ್ದನಂತೆ. ಅಂದಿನಿಂದ ಅದೇ ಗುಂಗು.

ದಾವಣಗೆರೆಯ ಹತ್ತಿ ಗಿರಣಿಯ ಬಾಯ್ಲರ್ ಮನೆಯಲ್ಲಿ ನಾನು ಅವರ ಕೈಕೆಳಗೆ ಹನ್ನೊಂದು ವರ್ಷ ದುಡಿದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ವಿದ್ಯೆ ಕೊಟ್ಟವರು ಅವರೇ.

"ಮಂಜುಗಡ್ಡೆ ತಗಡು ಹರೀತು ಅಂತಾರೆ. ಸುಳ್ಳು! ತಗಡು ಜೋಡಿಸೋ ರಿವೆಟ್ ಕಿತ್ತಿರಬೇಕು. ಹೊಲಿಗೆ ಬಿಚ್ಚಿದ ಮ್ಯಾಲೆ ಅಂಗಿ ಎಷ್ಟು ದಪ್ಪ ಇದ್ರೇನು?"

"ಮೇಸ್ತ್ರಿ, ನಮ್ಮ ಹೊಳಿಗೆ ಮಂಜುಗಡ್ಡೆ ಯಾವಾಗ ಬರತೈತ್ರಿ?" ಎಂದು ನಾವು ಹುಡುಗರು ಕೂಗಿ ಕೆಣಕುತ್ತಿದ್ದೆವು.

"ನಿನ್ನ ತಲಿ ಐತಲ್ಲೋ, ಅದೇ ಸಾಕು."

ರಿವೆಟ್ ಬಡಿದು ಬಡಿದು ಅವರ ಕಿವಿ ಹೋಗಿತ್ತು. ಉಳಿದವರಂತೆ ಸದ್ದು ಕೇಳಿ ಪರೀಕ್ಷಿಸಲಾಗದೆ, ರಿವೆಟ್ಟಿನ ಒಂದು ಪಕ್ಕಕ್ಕೆ ಬೆರಳಿಟ್ಟು ಇನ್ನೊಂದು ಪಕ್ಕಕ್ಕೆ ಸುತ್ತಿಗೆ ತಟ್ಟುವರು. ಸಡಿಲವಿದ್ದರೆ ಬೆರಳಿಗೆ ಗೊತ್ತಾಗುತ್ತಿತ್ತು.

ಒಂದು ವರ್ಷ ಬಾಯ್ಲರ್ ತೊಳೆದು ಬೆಂಕಿ ಹಾಕುವ ಮುನ್ನ, ಕೆಳಗಿನ ಸಾಲಿನಲ್ಲಿ ಅವರ ಬೆರಳು ನಿಂತುಬಿಟ್ಟಿತು. "ಬೆಂಕಿ ಬ್ಯಾಡ" ಎಂದರು. ಮ್ಯಾನೇಜರ್ ಬಂದು ತಾವೇ ತಟ್ಟಿ ನೋಡಿದರು.

"ಸದ್ದು ಸರಿಯಾಗೇ ಇದೆ. ಕಿವುಡರ ಮಾತು ಕೇಳಿ ಮಿಲ್ ನಿಲ್ಲಿಸಬೇಕಾ?"

ಆ ಮಾತನ್ನು ಅವರ ಕಿವಿಗೆ ಕೂಗಿ ಹೇಳಬೇಕಾದವನು ನಾನು. ಮೇಸ್ತ್ರಿ ಒಲೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತರು.

"ಕಿವಿ ಹೋಗೈತ್ರಿ, ಬೆರಳು ಹೋಗಿಲ್ಲ. ಇಲ್ಲಿ ನಿಂತು ಕಲ್ಲಿದ್ದಲು ಹಾಕೋರು ನನ್ನ ಹುಡುಗ್ರು."

"ಒಂದು ರಿವೆಟ್ ತೆಗೆಸ್ತೀನಿ. ಗಟ್ಟಿ ಇದ್ರೆ ನೀವು ಮನೆಗೆ ಹೋಗಬೇಕು."

ಉಳಿ ಹಿಡಿದವನೂ ನಾನೇ. ಎರಡನೇ ಏಟಿಗೆ ರಿವೆಟ್ಟಿನ ತಲೆ ಹಾರಿತು. ಒಳಗಿನ ಕಡ್ಡಿ ತುಕ್ಕು ತಿಂದು ಪೊರಕೆ ಕಡ್ಡಿಯಷ್ಟಾಗಿತ್ತು. ಪಕ್ಕದ ನಾಲ್ಕೂ ಹಾಗೇ. ಮ್ಯಾನೇಜರ್ ಹೊರಟುಹೋದರು. ಮೇಸ್ತ್ರಿ ಹಿಗ್ಗಲಿಲ್ಲ. "ಉಂಡು ಬರ್ರಪ್ಪ, ಕೆಲಸ ಭಾಳ ಐತೆ" ಎಂದರು.

ಕೊನೆಯ ಸಲ ಕಂಡದ್ದು ಕಡರನಾಯಕನಹಳ್ಳಿಯ ಅವರ ಮಗಳ ಮನೆಯಲ್ಲಿ. ಆ ಹಡಗಿನ ವಿಷಯ ಬಂದಿದ್ದ ವಾರಪತ್ರಿಕೆ ಒಯ್ದಿದ್ದೆ. ಅಕ್ಷರ ಕೂಡಿಸಿಕೊಂಡು, ಅವರ ಕಿವಿಯ ಹತ್ತಿರ ಕೂಗಿ ಓದಿದೆ. ಸಾಹುಕಾರರ ಹೆಸರು, ಕಪ್ತಾನನ ಹೆಸರು, ಹಡಗು ಮುಳುಗುವವರೆಗೂ ಪಿಟೀಲು ನುಡಿಸಿದವರ ಸುದ್ದಿ, ಎಲ್ಲ ಇತ್ತು.

"ಕೆಳಗ ಬಾಯ್ಲರಿಗೆ ಬೆಂಕಿ ಹಾಕ್ತಿದ್ರಲ್ಲ, ಅವ್ರ ಹೆಸ್ರು ಓದು."

ಹಾಳೆ ತಿರುವಿದೆ. "ಬರೆದಿಲ್ರಿ, ಮೇಸ್ತ್ರಿ."

"ಇರತೈತಿ. ನೀನೇ ಬಿಟ್ಟಿರಬೇಕು, ನೋಡು."

ನಾನು ಮತ್ತೆ ಮೊದಲ ಸಾಲಿನಿಂದ ಓದತೊಡಗಿದೆ.