ಎಡಭುಜಕ್ಕೊಂದು ಕೋವಿ

ಹೋದ ಶುಕ್ರವಾರ ಮಧ್ಯಾಹ್ನ ಬಾಲ್ಕನಿಯಿಂದ ಅಗಸೆ ಎಣ್ಣೆಯ ವಾಸನೆ ಬಂತು. ಕುವೈತಿನ ಸಾಲ್ಮಿಯಾದ ನಮ್ಮ ಫ್ಲ್ಯಾಟಿನಲ್ಲಿ ಮೀನು ಹುರಿದ ವಾಸನೆ, ಎದುರುಮನೆಯ ಧೂಪದ ವಾಸನೆ ಎಲ್ಲ ಮಾಮೂಲು. ಇದು ಬೇರೆ. ಹೋಗಿ ನೋಡಿದರೆ ಮಗಳು ಹೊಸ ಕ್ರಿಕೆಟ್ ಬ್ಯಾಟಿಗೆ ಬಟ್ಟೆಯಲ್ಲಿ ಎಣ್ಣೆ ಉಜ್ಜುತ್ತಾ ಕೂತಿದ್ದಳು. ಬಾಗಿಲಲ್ಲೇ ನಿಂತುಬಿಟ್ಟ ನನ್ನನ್ನು ನೋಡಿ, “ಇಟ್ಸ್ ಜಸ್ಟ್ ಬ್ಯಾಟ್ ಆಯಿಲ್, ಮಮ್ಮಾ” ಎಂದಳು. ಅವಳಿಗೇನು ಗೊತ್ತು, ಆ ಎಣ್ಣೆಯಲ್ಲಿ ನನ್ನದೊಂದು ಇಡೀ ಚಳಿಗಾಲ ಇದೆ ಎಂದು... ಒಂದು ಕೋವಿ, ಒಂದು ಕಾಫಿ ಹೂಜಿ, ಮತ್ತೆ ನಮ್ಮ ಅರಬಾಬ್.

ಅರಬಾಬ್ ಅಂದರೆ ಯಜಮಾನರು. ಕುವೈತಿಗೆ ಬಂದ ಹೊಸದರಲ್ಲಿ ನನಗೆ ಕೆಲಸ ಸಿಕ್ಕಿದ್ದು ಅವರ ಅಂಗಡಿಯಲ್ಲಿ. ಡೇರೆ, ಕಂಬಳಿ, ಒಲೆ, ಬೇಟೆಯ ಸಾಮಾನು ಮಾರುವ ಅಂಗಡಿ. ಕೋವಿಗಳು ಒಳಗಿನ ಬೀಗದ ಕೋಣೆಯಲ್ಲಿ, ಪರವಾನಗಿ ಇದ್ದವರಿಗೆ ಮಾತ್ರ. ನಾನು ಮಹಡಿಯ ಮೇಲೆ ಕೂತು ಹೊರದೇಶದ ಕಂಪನಿಗಳಿಗೆ ಇಮೇಲ್ ಬರೆಯುವವಳು. ಬಜಪೆ ಕಡೆಯ ಕೊಂಕಣಿ ಕ್ರಿಶ್ಚಿಯನ್ ಮನೆಯ ಹುಡುಗಿಗೆ ಕೋವಿಯ ತಲೆ ಯಾವುದು ಬಾಲ ಯಾವುದು ಎಂಬುದೂ ಗೊತ್ತಿರಲಿಲ್ಲ. ಅರಬಾಬರ ತಂದೆ ಹಿಂದೆ ಮುಂಬೈಗೆ ಖರ್ಜೂರ ತರುತ್ತಿದ್ದ ವ್ಯಾಪಾರಿ. ಹಾಗಾಗಿ ಇವರ ಬಾಯಲ್ಲಿ ಮುಂಬೈ ಹಿಂದಿ, ಅರಬ್ಬಿ, ಇಂಗ್ಲಿಷ್ ಮೂರೂ ಕಲಸಿಕೊಂಡು ಬರುತ್ತಿದ್ದವು. ಫೋನಿನಲ್ಲಿ ಕಿರುಚಿದರೆ ಕೆಳಗಿನ ಗಿರಾಕಿಗಳು ತಲೆ ಎತ್ತಿ ನೋಡುತ್ತಿದ್ದರು. ಕಿರುಚಿದ್ದನ್ನು ಅರ್ಧ ಗಂಟೆಯಲ್ಲಿ ಮರೆತು ಎಲ್ಲರಿಗೂ ಚಹಾ ತರಿಸುತ್ತಿದ್ದರು.

ಅವರ ಮನೆತನದಲ್ಲೊಂದು ಪದ್ಧತಿ ಇತ್ತು. ಚಳಿಗಾಲದಲ್ಲಿ ಮರಳುಗಾಡಿಗೆ ಡೇರೆ ಹಾಕಲು ಹೋಗುವ ಮೊದಲು ಒಂದು ಶುಕ್ರವಾರ ಅಣ್ಣತಮ್ಮಂದಿರೆಲ್ಲ ಶೂಟಿಂಗ್ ರೇಂಜಿಗೆ ಹೋಗುತ್ತಾರೆ. ದೂರದಲ್ಲಿ ನಿಲ್ಲಿಸಿದ ಕಬ್ಬಿಣದ ತಟ್ಟೆಗೆ ಗುರಿ. ಗುಂಡು ತಾಗಿದರೆ ಠಣ್ ಎಂದು ಕೇಳುತ್ತದೆ. ಎಲ್ಲರಿಗಿಂತ ಕಡಿಮೆ ಠಣ್ ಮಾಡಿದವನು ಆ ವರ್ಷ ಡೇರೆಯಲ್ಲಿ ಎಲ್ಲರಿಗೂ ಕಾಫಿ ಬಗ್ಗಿಸಬೇಕು. ನಮ್ಮ ಅರಬಾಬ್ ಹುಟ್ಟಿದಾಗಿನಿಂದ ಆ ಹೂಜಿ ಮುಟ್ಟಿದವರಲ್ಲ. ಅದರ ಜಂಬ ಎಷ್ಟಿತ್ತೆಂದರೆ, ಬೇಸಿಗೆಯಲ್ಲೂ ಅದೇ ಮಾತು.

ಅಂಥವರ ಬಲಗಣ್ಣು ಸಕ್ಕರೆ ಕಾಯಿಲೆಗೆ ಹೋಯಿತು. ಮತ್ತೆ ಬರುವುದಿಲ್ಲ ಎಂದರು ಡಾಕ್ಟರು. ಬಲಭುಜಕ್ಕೆ ಕೋವಿ ಇಟ್ಟವರು ಗುರಿ ನೋಡುವುದು ಬಲಗಣ್ಣಿನಲ್ಲಿ. ಆ ಕಣ್ಣೇ ಇಲ್ಲದ ಮೇಲೆ ಏನು ಮಾಡುವುದು? ಅವರ ತಮ್ಮ ಬಂದು, ಈ ವರ್ಷ ನೀನು ಕೂತು ನೋಡು, ನಿನ್ನ ಕೋವಿ ನನ್ನ ಮಗನಿಗೆ ಕೊಡು ಎಂದನಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಅರಬಾಬ್ ಮಾತ್ರ ಒಂದು ವಾರ ಅಂಗಡಿ ಕಡೆ ತಲೆ ಹಾಕಲಿಲ್ಲ. ಅವರ ಕಿರುಚಾಟವಿಲ್ಲದ ಅಂಗಡಿ ನಮಗೆ ಸಾವಿನ ಮನೆಯಂತೆ ಕಂಡಿತು.

ಬಂದ ದಿನ ನೇರ ಮಹಡಿ ಹತ್ತಿ ನನ್ನ ಮೇಜಿನ ಮುಂದೆ ನಿಂತರು. ನಾನು ಹುಟ್ಟಾ ಎಡಚಿ. ಅಮ್ಮ ಸೌಟಿನಿಂದ ತಟ್ಟಿ ತಟ್ಟಿ ಊಟವನ್ನು ಬಲಗೈಗೆ ಒಗ್ಗಿಸಿದ್ದಳು, ಬರೆಯುವುದು ಮಾತ್ರ ಅವಳ ಕೈಗೆ ಸಿಕ್ಕಿರಲಿಲ್ಲ. ಅರಬಾಬ್ ನನ್ನ ಪೆನ್ನನ್ನೇ ನೋಡುತ್ತಾ ಕೇಳಿದರು: “ಬೇಟಿ, ಇಸ್ ಹಾತ್ ಸೇ ಸಬ್ ಕಾಮ್ ಹೋತಾ ಹೈ?”

ಎಲ್ಲ ಆಗುತ್ತದೆ ಎಂದೆ.

“ತೋ ಮುಝೇ ಭೀ ಸಿಖಾ. ಯಲ್ಲಾ.”

ಉಳಿದ ಎಡಗಣ್ಣಿನಲ್ಲಿ ಗುರಿ ನೋಡಲು ಕೋವಿಯನ್ನು ಎಡಭುಜಕ್ಕೆ ಇಡುವ ಯೋಚನೆ ಅವರದು. ಜನ್ಮದಲ್ಲಿ ಮೊದಲ ಸಲ ಯಾರೋ ನನ್ನ ಎಡಗೈಯಿಂದ ಕಲಿಯಬೇಕು ಎಂದಿದ್ದರು! ಅವತ್ತು ಮನೆಗೆ ನಾನು ನಡೆದು ಹೋಗಲಿಲ್ಲ, ಹಾರಿ ಹೋದೆ. ಗಂಡ ಕೇಳಿ, “ನಿಂಗೆ ಮರ್ಲುಂಟಾ? ಕೋವಿಯ ಉಸಾಬರಿ ನಮಗ್ಯಾಕೆ ಮಾರಾಯ್ತಿ” ಎಂದು ಬೈದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾರನೆಯ ದಿನದಿಂದ ಎಡಚರ ಕೋವಿಗಾಗಿ ಬೇಟೆ ಶುರುವಾಯಿತು. ಕತ್ತರಿಯಿಂದ ಹಿಡಿದು ಡಬ್ಬಿ ತೆರೆಯುವ ಸಾಧನದವರೆಗೆ ಲೋಕ ನಮ್ಮನ್ನು ಮರೆತದ್ದು ನನಗೆ ಗೊತ್ತಿತ್ತು. ಕೋವಿಯಲ್ಲೂ ಅದೇ ಕಥೆ. ಗುಂಡು ತುಂಬಲು ಎಳೆಯುವ ಬೋಲ್ಟು ಬಲಕ್ಕೆ. ಭುಜಕ್ಕೆ ಒತ್ತಿ ಕೆನ್ನೆ ಆನಿಸುವ ಮರದ ಭಾಗಕ್ಕೆ ಸ್ಟಾಕ್ ಎನ್ನುತ್ತಾರೆ, ಅದರ ಉಬ್ಬು ಬಲಗೈಯವರ ಕೆನ್ನೆಗೆ ಹೊಂದುವಂತೆ. ಎಡಭುಜಕ್ಕೆ ಇಟ್ಟರೆ ಕೆನ್ನೆಯೂ ಕೂರುವುದಿಲ್ಲ, ಕಣ್ಣೂ ಗುರಿಯ ನೇರಕ್ಕೆ ಬರುವುದಿಲ್ಲ. ಎಡಗೈಯದು ಬೇಕೆಂದು ಬರೆದಲ್ಲೆಲ್ಲ ಒಂದೇ ಉತ್ತರ: ಸದ್ಯ ಇಲ್ಲ, ಮುಂದಿನ ವರ್ಷ ನೋಡೋಣ. ಅರಬಾಬರಿಗೆ ಮುಂದಿನ ವರ್ಷ ಬೇಕಿರಲಿಲ್ಲ.

ಒಂದು ದಿನ ಅವರೇ ಮಹಡಿ ಮೆಟ್ಟಿಲನ್ನು ಓಡುತ್ತಾ ಹತ್ತಿಬಂದರು. ಕೈಯಲ್ಲಿ ಪಕ್ಕದ ದೇಶದ ವ್ಯಾಪಾರಿಯೊಬ್ಬನ ಅರಬ್ಬಿ ಕೆಟಲಾಗ್. ಅದರಲ್ಲೊಂದು ಚೆಂದದ ಬೇಟೆ ಕೋವಿ, ಬೋಲ್ಟು ಎಡಕ್ಕೆ! ಇಬ್ಬರೂ ಮಕ್ಕಳ ಹಾಗೆ ಕುಣಿಯುವುದೊಂದು ಬಾಕಿ. ಪರವಾನಗಿ, ಕಸ್ಟಮ್ಸ್ ಎಲ್ಲ ಮುಗಿದು ಪೆಟ್ಟಿಗೆ ಬರುವ ದಿನ ಕೆಳಗಿನ ಕೌಂಟರಿನ ನಮ್ಮ ಬ್ಯಾರಿ ಹುಡುಗರೂ ಕೆಲಸ ಬಿಟ್ಟು ಸುತ್ತ ನಿಂತಿದ್ದರು. ಮುಚ್ಚಳ ತೆಗೆದರು... ಬೋಲ್ಟು ಬಲಕ್ಕೇ ಇತ್ತು.

ನಾನು ಕೆಟಲಾಗ್ ತಂದು ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದೆ. ನಳಿಕೆಯ ಮೇಲಿನ ಇಂಗ್ಲಿಷ್ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದವು. ಅರಬ್ಬಿ ಓದುವುದು ಬಲದಿಂದ ಎಡಕ್ಕೆ. ಪುಟ ಚೆಂದ ಕಾಣಲೆಂದು ಮುದ್ರಣದವನು ಚಿತ್ರವನ್ನೇ ಮಗುಚಿ ಹಾಕಿದ್ದ. ಅರಬಾಬ್ ಕಿರುಚುತ್ತಾರೆ ಎಂದು ಕಾದೆವು. ಅವರು ಸುಮ್ಮನೆ ಕೂತು, ಆ ಕೋವಿಯನ್ನು ಮೇಜಿನ ಮೇಲಿನ ಮರಳು ಚೀಲಕ್ಕೆ ಆನಿಸಿ ಎಡಭುಜಕ್ಕೆ ಇಟ್ಟರು. ಎಡಗೈಯನ್ನು ಬಿಡಿಸಿ ಬೋಲ್ಟಿಗೆ ಮೇಲಿನಿಂದ ತಡಕಾಡಿದರು. ಕೈ ಸಾಲಲಿಲ್ಲ. ಆ ಮುಖ ನನ್ನಿಂದ ನೋಡಲಾಗಲಿಲ್ಲ.

ಆಗಲೇ ನನಗೆ ಹೊಳೆದದ್ದು. ಬಲಗೈಯವರ ಸಾಮಾನಿನ ಜೊತೆ ಬದುಕುವ ಎಡಚರು ಎರಡೂ ಕೈಗೆ ಕೆಲಸ ಹಂಚುತ್ತೇವೆ. ಅರಬಾಬ್, ನಿಮ್ಮ ಬಲಗೈ ಖಾಲಿ ಕೂತಿದೆಯಲ್ಲ, ಹೋದದ್ದು ಕಣ್ಣು ತಾನೇ, ಎಂದೆ. ಅವರು ನನ್ನನ್ನೊಮ್ಮೆ, ತಮ್ಮ ಬಲಗೈಯನ್ನೊಮ್ಮೆ ನೋಡಿದರು. ಎಡಗೈ ಹಿಡಿದಲ್ಲೇ ಇತ್ತು, ಬಲಗೈ ಮೆಲ್ಲಗೆ ಹೋಗಿ ಬೋಲ್ಟು ಎಳೆಯಿತು. ಖಟ್, ಖಟ್. ಇನ್ನೊಮ್ಮೆ ಖಟ್, ಖಟ್. ಅಂಗಡಿ ತುಂಬಾ ನಗು.

ಹಾಗಾದರೆ ಬೇಕಾದದ್ದು ಹೊಸ ಕೋವಿಯಲ್ಲ, ಅವರ ಹಳೆಯ ಕೋವಿಗೇ ಎಡಗೆನ್ನೆಯ ಸ್ಟಾಕ್. ಹುಡುಕಿದರೆ ಅದನ್ನು ಮಾಡುವವರೂ ಇದ್ದರು! ಬೋಲ್ಟು ಬಲಕ್ಕೆ, ಕೆನ್ನೆ ಎಡಗೈಯವರದ್ದು. ನಮ್ಮಂಥ ಎಡಬಿಡಂಗಿಗಳು ಲೋಕದಲ್ಲಿ ಇನ್ನೂ ಇದ್ದಾರೆ ಎಂದು ನನಗೆ ಎಷ್ಟು ಖುಷಿಯಾಯಿತೋ. ಅಕ್ರೋಟ್ ಮರದ ಆ ಸ್ಟಾಕ್ ಬಂದದ್ದು ಎಣ್ಣೆ ಕಾಣದೆ ಒಣಗಿದ ಮೈಯಲ್ಲಿ. ದಿನಾ ಸಂಜೆ ಅಗಸೆ ಎಣ್ಣೆ ಹಚ್ಚಿ ಅಂಗೈಯಿಂದ ಉಜ್ಜಬೇಕು. ಬೇರೆಯವರಿಗೆ ಬಿಡದೆ ಅರಬಾಬರೇ ಉಜ್ಜುತ್ತಿದ್ದರು. ಮರ ದಿನದಿಂದ ದಿನಕ್ಕೆ ಕೆಂಪಗಾಗುತ್ತಾ ಹೋಯಿತು...

ಎಡಗೈಗೆ ಮಾತ್ರ ನಡುಕವಿತ್ತು. ಅದಕ್ಕೆ ಅವರೇ ಕಂಡುಕೊಂಡ ಮದ್ದು ಕಾಫಿ. ಅರಬರಲ್ಲಿ ಕಾಫಿ ಬಗ್ಗಿಸುವವರು ಹೂಜಿ ಹಿಡಿಯುವುದು ಎಡಗೈಯಲ್ಲಿ, ಬಟ್ಟಲು ಕೊಡುವುದು ಬಲಗೈಯಲ್ಲಿ. ಯಾರಿಗೂ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡು, ಮಹಡಿಯ ಮೇಲೆ ಬಾಗಿಲು ಹಾಕಿ, ಎತ್ತರದಿಂದ ಪುಟ್ಟ ಬಟ್ಟಲಿಗೆ ದಾರದಂತೆ ಕಾಫಿ ಇಳಿಸುವ ಅಭ್ಯಾಸ ಮಾಡಿದರು. ಮೊದಮೊದಲು ನನ್ನ ಮೇಜೆಲ್ಲ ಏಲಕ್ಕಿ ಪರಿಮಳದ ಕೆಸರು. ಕೊನೆಕೊನೆಗೆ ಒಂದು ಹನಿಯೂ ಚೆಲ್ಲುತ್ತಿರಲಿಲ್ಲ.

ಆ ಶುಕ್ರವಾರ ನನ್ನನ್ನೂ ಗಂಡನನ್ನೂ ಕರೆದಿದ್ದರು. ಅವರ ಹೆಂಡತಿ, ತಂಗಿಯರ ಜೊತೆ ಕಿವಿಗೆ ಮುಚ್ಚಳ ಹಾಕಿಕೊಂಡು ಗಾಜಿನ ಹಿಂದೆ ನಿಂತೆ. ಮೊದಲ ಗುಂಡು ಮರಳಿಗೆ. ಎರಡನೆಯದೂ ಮರಳಿಗೆ. ಅವರ ತಮ್ಮ ತಲೆ ತಗ್ಗಿಸಿದ. ನಾನು ಮಾತೆಯ ಹೆಸರು ಹೇಳಿಕೊಂಡೆ. ಅರಬಾಬ್ ಕೆನ್ನೆ ಎತ್ತಿ, ಮತ್ತೆ ಮರಕ್ಕೆ ಆನಿಸಿ, ಉಸಿರು ಬಿಟ್ಟರು.

ಠಣ್!

ಕಿವಿ ಮುಚ್ಚಳದೊಳಗೂ ಕೇಳಿಸಿತು. ನಾನು ಕೂಗಿದ್ದಕ್ಕೆ ನನ್ನ ಗಂಡನೇ ಬೆಚ್ಚಿಬಿದ್ದರು. ಆಮೇಲೆ ಕೆಲವು ತಾಗಿದವು, ಕೆಲವು ಹೋದವು. ಎಲ್ಲರಿಗಿಂತ ಕಡಿಮೆ ಅವರದೇ. ಆದರೆ ಕೋವಿ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ತಮ್ಮನೇ ಬಂದು ಅವರ ಎಡಭುಜಕ್ಕೆ ಮುತ್ತಿಟ್ಟ.

ಸೋತವರು ಕಾಫಿ ಬಗ್ಗಿಸಬೇಕು. ಡೇರೆಗೆ ಹೋಗುವವರೆಗೂ ಕಾಯದೆ, ಎಲ್ಲರನ್ನೂ ಒಂದೇ ಸಾಲಿಗೆ ಕೂರಿಸಿ ಅಲ್ಲೇ ಹೂಜಿ ತರಿಸಿದರು. ಆ ಎಡಗೈ, ಆ ದಾರದಂಥ ಧಾರೆ ನೋಡಿ ಮನೆಯವರೆಲ್ಲ ಬಾಯಿಬಿಟ್ಟರು. ಬಟ್ಟಲು ಕೊಡುವುದು ಯಾವಾಗಲೂ ಬಲದಿಂದ ಶುರು, ಅದು ತಪ್ಪುವ ಹಾಗಿಲ್ಲ. ಬಲತುದಿಯಲ್ಲಿದ್ದ ಅವರ ತಮ್ಮ ಕೈ ಚಾಚಿದ. ಅರಬಾಬ್ ಅವನನ್ನು ದಾಟಿ ನೇರ ಎಡತುದಿಗೆ, ನನ್ನ ಬಳಿಗೆ ಬಂದರು.

“ಆಜ್ ಯಹಾಂ ಸೇ” ಎಂದರು.

ಆಮೇಲೆ ಅವರಿಗೆ ಎರಡೇ ಚಳಿಗಾಲ ಸಿಕ್ಕಿತು. ಸಕ್ಕರೆ ಕಾಯಿಲೆ ಕಣ್ಣಿಗೆ ನಿಲ್ಲಲಿಲ್ಲ. ಅಂಗಡಿ ಈಗ ಬೇರೆಯವರದು. ಆ ಮನೆಯಲ್ಲಿ ಎಡಭುಜಕ್ಕೆ ಕೋವಿ ಇಡುವವರು ಇನ್ನೊಬ್ಬರಿಲ್ಲ. ಆ ಕೆಂಪು ಮರಕ್ಕೆ ಈಗ ಯಾರು ಎಣ್ಣೆ ಹಚ್ಚುತ್ತಾರೋ... ಯಾರೂ ಇಲ್ಲವೋ...

ಹೋದ ಶುಕ್ರವಾರ, ಬ್ಯಾಟಿಗೆ ಎಣ್ಣೆ ಹಚ್ಚಿದ ದಿನವೇ ಸಂಜೆ, ಮಗಳ ಗೆಳತಿಯರು ಬಂದರು. ಇವಳು ತನ್ನ ಹೊಸ ಬ್ಯಾಟು ಹಿಡಿದು ಎಡಗೈ ಆಟ ತೋರಿಸುತ್ತಿದ್ದಳು. ನಾನು ಚಹಾದ ತಟ್ಟೆ ಹಿಡಿದು ಹೋದವಳು, ಬಾಗಿಲ ಹತ್ತಿರ ಬಲಕ್ಕಿದ್ದ ಹುಡುಗಿ ಕೈ ಚಾಚಿದರೂ ಅವಳನ್ನು ದಾಟಿ ಎಡತುದಿಗೆ ನಡೆದೆ. ಯಾಕೆಂದು ಯಾರೂ ಕೇಳಲಿಲ್ಲ. ಅಡುಗೆಮನೆಗೆ ಬಂದು ಸ್ವಲ್ಪ ಹೊತ್ತು ಅತ್ತೆ.