ಹೆಗಲಿಗೇರದ ಸೈಕಲ್ಲು

ನಮ್ಮ ದೊಡ್ಡಪ್ಪ ಶೂ ರಿಪೇರಿ ಮಾಡುತ್ತಾರೆ. ಅವರ ಅಂಗಡಿ ಎಂದರೆ ದೊಡ್ಡದೊಂದು ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಒಳಗೆ ಅವರೊಬ್ಬರು ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು. ಅಂಟಿನ ವಾಸನೆ ಅಂಗಿಗಷ್ಟೇ ಅಲ್ಲ, ಮನೆಯ ದಿಂಬಿಗೂ ಹತ್ತಿದೆ ಎಂದು ದೊಡ್ಡಮ್ಮ ಗೊಣಗುತ್ತಾರೆ. ಯಾರಾದರೂ ಎದುರು ಬಂದರೆ ದೊಡ್ಡಪ್ಪ ಮೊದಲು ಕಾಲು ನೋಡುತ್ತಾರೆ, ಆಮೇಲೆ ಮುಖ.

ಅವರಿಗಿರುವ ಹುಚ್ಚು ಸೈಕಲ್ಲಿನದು. ಊರ ಹಿಂದಿನ ಕಲ್ಲುಗುಡ್ಡಗಳಲ್ಲಿ ದಪ್ಪ ಟೈರಿನ ಸೈಕಲ್ಲು ತುಳಿಯುವ ಗುಂಪೊಂದಿದೆ. ದೊಡ್ಡಪ್ಪ ಅದರಲ್ಲಿ ಹಳಬರು. ಆದರೆ ಅವರ ಬಲಭುಜ ಎರಡು ಸಲ ಕೀಲು ತಪ್ಪಿದೆ, ಭಾರ ಎತ್ತುವಂತಿಲ್ಲ. ಆ ಗುಡ್ಡಗಳಲ್ಲೋ, ಸ್ವಲ್ಪ ದೂರ ನಾವು ಸೈಕಲ್ಲಿನ ಮೇಲೆ ಕೂತರೆ ಸ್ವಲ್ಪ ದೂರ ಸೈಕಲ್ಲು ನಮ್ಮ ಹೆಗಲ ಮೇಲೆ ಕೂರುತ್ತದೆ. ಹೀಗಾಗಿ ವರ್ಷಕ್ಕೊಮ್ಮೆ ಎಲ್ಲರೂ ಗುಡ್ಡ ದಾಟಿ ಆಚೆಯ ಕೆರೆಗೆ ಹೋಗುವ ದಿನ, ದೊಡ್ಡಪ್ಪ ಸುತ್ತು ರಸ್ತೆಯಲ್ಲಿ ವ್ಯಾನ್ ಓಡಿಸಿಕೊಂಡು ಊಟದ ಡಬ್ಬಿ ತಲುಪಿಸುತ್ತಿದ್ದರು. ಸೈಕಲ್ಲನ್ನು ಹೊರದೆ ದಾಟುವ ಒಂದು ದಾರಿ ಹುಡುಕಬೇಕು, ಈ ವರ್ಷವಾದರೂ ವ್ಯಾನಿನ ಕೀಲಿಯನ್ನು ಬೇರೆಯವರ ಕೈಗೆ ಹಾಕಬೇಕು ಎಂಬುದು ಅವರ ಆಸೆಯಾಗಿತ್ತು.

ಇಲ್ಲಿ ನಮ್ಮಪ್ಪನ ವಿಷಯ ಬರುತ್ತದೆ. ಅಪ್ಪ ದೊಡ್ಡಪ್ಪನ ಷಡ್ಡಕ. ಮನೆ ಬದಲಿಸುವವರ ಬೀರು, ಮಂಚ ಸಾಗಿಸುವುದು ಅವರ ಕೆಲಸ. ಫ್ರಿಜ್ ಬೆನ್ನಿಗೇರಿಸಿಕೊಂಡು ಮೂರು ಮಹಡಿ ಹತ್ತಿದ ಮೇಲೂ ಅವರು ಕೇಳುವುದು ಒಂದು ಲೋಟ ನೀರು ಮಾತ್ರ. ಸೈಕಲ್ಲು ಅವರಿಗೆ ಶಾಲೆಯ ಚೀಲವಿದ್ದ ಹಾಗೆ. ಅವರನ್ನು ಗುಂಪಿಗೆ ಸೇರಿಸಿದವರೇ ದೊಡ್ಡಪ್ಪ. ವರ್ಷ ಕಳೆಯುವುದರೊಳಗೆ ಎಲ್ಲರೂ ಅಪ್ಪನ ಹಿಂದೆ ಹೋಗತೊಡಗಿದರು. ಎಂಥ ಜಾಗದಲ್ಲೂ ದಾರಿ ಮಾಡುತ್ತಾನೆ ಎಂದು ಹೊಗಳತೊಡಗಿದರು.

"ಅದಕ್ಕೆ ದಾರಿ ಅಂತಾರಾ?" ಎಂದು ದೊಡ್ಡಪ್ಪ ಮನೆಯಲ್ಲಿ ಉರಿದು ಬೀಳುತ್ತಿದ್ದರು. "ಹೊರೋರು ಸಿಕ್ರೆ ನನ್ನ ಹೊಲಿಗೆ ಮೆಷಿನ್ನೂ ಗುಡ್ಡ ಹತ್ತುತ್ತೆ!"

ಒಂದು ದಿನ ಅಪ್ಪ ತಮ್ಮ ಶೂಗಳಿಗೆ ಹೊಸ ಅಟ್ಟೆ ಹಾಕಿಸಲು ಕೊಟ್ಟರು. ದೊಡ್ಡಪ್ಪ ಅಚ್ಚುಕಟ್ಟಾಗಿ ಅಟ್ಟೆ ಕೂರಿಸಿ, ಹಿಮ್ಮಡಿಗೆ ಮೂರು ದುಂಡನೆಯ ರಬ್ಬರ್ ಬೊಟ್ಟು ಅಂಟಿಸಿದರು.

"ಅದೇನ್ರೀ ಹಿಮ್ಮಡಿಗೆ ಬೊಟ್ಟು? ಅವನೇನು ಮದುವೆ ಗಂಡಾ?" ಎಂದರು ದೊಡ್ಡಮ್ಮ.

"ಜಾರಬಾರದಲ್ಲ, ಅದಕ್ಕೆ."

ಜಾರುವುದರ ಚಿಂತೆ ಅವರಿಗೆ ಇರಲಿಲ್ಲ. ಗುಂಪು ಹೋಗುವುದು ಭಾನುವಾರ, ಕೆರೆಗೆ ಹೋಗುವ ದಿನವೊಂದು ಬಿಟ್ಟರೆ ದೊಡ್ಡಪ್ಪನ ಅಂಗಡಿಗೆ ರಜೆ ಸೋಮವಾರ. ಸೋಮವಾರ ಬೆಳಿಗ್ಗೆ ಅವರು ಗುಡ್ಡಕ್ಕೆ ಹೋಗಿ ಧೂಳಿನಲ್ಲಿ ಅಪ್ಪನ ಜಾಡು ಓದುತ್ತಿದ್ದರು. ಟೈರಿನ ಗೆರೆ ಮಾತ್ರ ಇದ್ದರೆ ತುಳಿದಿದ್ದಾನೆ. ಗೆರೆಯ ಪಕ್ಕ ಮೂರು ಬೊಟ್ಟಿದ್ದರೆ ಇಳಿದು ತಳ್ಳಿದ್ದಾನೆ. ಗೆರೆ ಮಾಯವಾಗಿ ಬೊಟ್ಟು ಮಾತ್ರ ಉಳಿದರೆ ಹೊತ್ತಿದ್ದಾನೆ. ಹೊತ್ತಿದ್ದು ಕಂಡ ದಿನ ದೊಡ್ಡಪ್ಪ ಇನ್ನೊಂದು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದರು. ಗೆರೆ ಎಲ್ಲೂ ಮುರಿಯದಿದ್ದ ದಿನ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿನಿಂದಲೇ ದೊಡ್ಡಮ್ಮನಿಗೆ ಗೊತ್ತಾಗುತ್ತಿತ್ತಂತೆ.

ಕೆರೆಯ ದಾರಿಯಲ್ಲಿ ಎಲ್ಲರನ್ನೂ ಸೈಕಲ್ಲಿನಿಂದ ಇಳಿಸುವ ಜಾಗ ಒಂದಿತ್ತು. ಎರಡು ಬಂಡೆಗಳ ನಡುವಿನ ಕಡಿದಾದ ಸೀಳು, ಮೆಟ್ಟಿಲಿನ ಹಾಗೆ. ಬಲಗಡೆಯಿಂದ ಬಳಸಿ ಹೋಗಲು ದೊಡ್ಡಪ್ಪ ಎಷ್ಟೋ ಸಲ ನೋಡಿ ಸೋತಿದ್ದರು. ಎಡಗಡೆ ಬರೀ ಮುಳ್ಳುಪೊದೆ. ಒಂದು ಸೋಮವಾರ ನೋಡುತ್ತಾರೆ, ಮೂರು ಬೊಟ್ಟು ಎಡಕ್ಕೆ ಹೋಗಿವೆ. ಟೈರಿನ ಗೆರೆ ಇಲ್ಲ. ಹೊತ್ತಿದ್ದಾನೆ ಎಂದು ಖುಷಿಪಟ್ಟರು. ಆದರೆ ಬೊಟ್ಟುಗಳು ಹೋಗಿವೆ, ಬಂದಿವೆ, ಮತ್ತೆ ಹೋಗಿವೆ. ಮುಳ್ಳು ಕಡಿದು ಬದಿಗೆ ಎಸೆದಿದೆ, ಸಣ್ಣ ಕಲ್ಲುಗಳನ್ನು ಸರಿಸಿದೆ. ಸೈಕಲ್ಲಿನ ಗೆರೆ ಹಿಂದೆಯೇ ಒಂದು ಮರದ ಬುಡದಲ್ಲಿ ನಿಂತಿದೆ. ಅಂದರೆ ಅಪ್ಪ ಸೈಕಲ್ಲನ್ನು ಮರಕ್ಕೆ ಒರಗಿಸಿ ನಡೆದೇ ದಾರಿ ಹುಡುಕಿದ್ದಾರೆ.

ದೊಡ್ಡಪ್ಪ ನೇರ ನಮ್ಮ ಮನೆಗೆ ಬಂದರು. ಕೂರಲೂ ಇಲ್ಲ.

"ನಿನಗೆ ಹೆಗಲಿದೆಯಲ್ಲಪ್ಪ, ದಾರಿ ಯಾಕೆ ಬೇಕು?"

"ನನಗಲ್ಲ ಭಾವ, ನಿಮಗೆ," ಎಂದರು ಅಪ್ಪ. "ನೀವು ವ್ಯಾನ್ ಓಡಿಸೋ ವರಸೆಗೆ ಹೋದ ವರ್ಷ ನನ್ನ ಊಟವೆಲ್ಲ ಡಬ್ಬಿ ಮುಚ್ಚಳಕ್ಕೆ ಅಂಟ್ಕೊಂಡಿತ್ತು."

"ನಾನು ಅಲ್ಲಿಗೆ ಬರ್ತೀನಿ ಅಂತ ನಿನಗೆ ಯಾರು ಹೇಳಿದ್ದು?"

"ಪ್ರತಿ ವಾರ ನನ್ನ ಹೆಜ್ಜೆ ಪಕ್ಕ ನಿಮ್ಮ ಹೆಜ್ಜೆ ಇರುತ್ತಲ್ಲ ಭಾವ. ಬೊಟ್ಟು ಯಾಕೆ ಇಟ್ರಿ ಅಂತ ಆಗಲೇ ತಿಳೀತು. ಅದಕ್ಕೇ ನಿಮಗೆ ಚೆನ್ನಾಗಿ ಕಾಣಲಿ ಅಂತ ಒತ್ತಿ ಒತ್ತಿ ನಡೆದೆ."

ಒಳಗೆ ಅಮ್ಮ ನಕ್ಕದ್ದು ದೊಡ್ಡಪ್ಪನಿಗೂ ಕೇಳಿಸಿತು. ಅವರು ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರಂತೆ.

"ಅವನಿಗೆ ಬಲ ಇದೆ, ಹೆಸರಿದೆ. ಒಳ್ಳೇತನ ಒಂದನ್ನಾದ್ರೂ ನನಗೆ ಬಿಡಬಾರದಿತ್ತಾ?"

"ಅದು ಬೇಕು ಅಂತ ನೀವು ಯಾವತ್ತು ಹೇಳಿದ್ರಿ?" ಎಂದರು ದೊಡ್ಡಮ್ಮ.

ಮುಂದಿನ ಸೋಮವಾರ ದೊಡ್ಡಪ್ಪ ಆ ದಾರಿಯಲ್ಲಿ ಸೈಕಲ್ಲು ತುಳಿದರು. ದಾರಿ ಸರಿಯಾಗಿರದಿದ್ದರೆ ವ್ಯಾನು, ಸರಿಯಾಗಿದ್ದರೆ ಷಡ್ಡಕನ ಉಪಕಾರ. ಎರಡರಲ್ಲಿ ಯಾವುದು ಹೆಚ್ಚು ಕಹಿ ಎಂದು ಅವರಿಗೇ ತಿಳಿಯಲಿಲ್ಲ. ಪೊದೆ ದಾಟುವವರೆಗೆ ಎಲ್ಲ ಸಲೀಸು. ಕೊನೆಯಲ್ಲಿ ಒಂದು ಗುಂಡುಕಲ್ಲನ್ನು ಸುತ್ತುವ ಕಡೆ ಹಿಂದಿನ ಚಕ್ರ ಸಿಕ್ಕಿಕೊಂಡಿತು. ಅಪ್ಪ ಕಾಲಿನಿಂದ ಅಳೆದಿದ್ದರು. ಮನುಷ್ಯ ತಿರುಗುವ ಜಾಗದಲ್ಲಿ ಸೈಕಲ್ಲು ತಿರುಗುವುದಿಲ್ಲ. ಅಲ್ಲಿ ಒಬ್ಬನೇ ನಿಂತು ಜೋರಾಗಿ ನಕ್ಕೆ ಎಂದು ದೊಡ್ಡಪ್ಪನೇ ನನಗೆ ಹೇಳಿದ್ದಾರೆ.

ನಕ್ಕು ಮುಗಿದ ಮೇಲೆ ಸುತ್ತ ನೋಡಿದರು. ತಿರುವಿಗೆ ಮೊದಲೇ ಮೇಲಕ್ಕೆ ಹೊರಳಿದರೆ ಇಳಿಜಾರಾದ ಅಗಲ ಹಾಸುಬಂಡೆ. ಅದರ ಮೇಲೆ ದೊಡ್ಡದಾಗಿ ತಿರುಗಿ ಬಂದರೆ ಆಚೆಯ ದಾರಿಗೇ ಇಳಿಯಬಹುದು. ಒಂದು ಕಡೆಯೂ ಕಾಲೂರದೆ ದಾಟಿದರು. ಈ ವಿಷಯ ಯಾರಿಗೂ ಹೇಳಲಿಲ್ಲ. ವ್ಯಾನಿನ ಕೀಲಿಯನ್ನು ಮಾತ್ರ ಅಂದೇ ಗುಂಪಿನವರಿಗೆ ವಾಪಸು ಕೊಟ್ಟರು.

ಕೆರೆಗೆ ಹೋಗುವ ದಿನ ಎಂದಿನಂತೆ ಅಪ್ಪ ಮುಂದೆ, ದೊಡ್ಡಪ್ಪ ಎಲ್ಲರಿಗಿಂತ ಹಿಂದೆ. ಗುಂಡುಕಲ್ಲಿನ ತಿರುವಿನಲ್ಲಿ ಅಪ್ಪನ ಚಕ್ರವೂ ಸಿಕ್ಕಿಕೊಂಡಿತು. ಅವರು ಯೋಚನೆಯನ್ನೇ ಮಾಡದೆ ಇಳಿದು ಸೈಕಲ್ಲನ್ನು ಹೆಗಲಿಗೆ ಏರಿಸಿದರು. ಹಿಂದಿದ್ದವರೂ ಒಬ್ಬೊಬ್ಬರಾಗಿ ಇಳಿದರು. ದೊಡ್ಡಪ್ಪ ನಿಲ್ಲಲಿಲ್ಲ. ಹಾಸುಬಂಡೆ ಹತ್ತಿ, ಅವರೆಲ್ಲರ ತಲೆಯ ಮೇಲಿನಿಂದ ಸುತ್ತಿ, ಅಪ್ಪನ ಎದುರಿಗೆ ಇಳಿದರು.

"ಇಳಿದ್ಯೇನಪ್ಪ?"

ಅಪ್ಪ ಸೈಕಲ್ಲು ಹೊತ್ತುಕೊಂಡೇ ಬಾಯಿ ಬಿಟ್ಟು ನೋಡಿದರು. "ಭಾವ, ಅಲ್ಲೊಂದು ದಾರಿ ಇದೆ ಅಂತ ಹೇಳಲೇ ಇಲ್ಲ!"

"ಬಂಡೆ ಮೇಲೆ ಹೆಜ್ಜೆ ಮೂಡಲ್ಲ. ನಾನೇನು ಮಾಡ್ಲಿ?"

ಕೆರೆಯ ದಡದಲ್ಲಿ ಊಟ ಮಾಡುವಾಗ ಎಲ್ಲರೂ ಹೊಗಳಿದ್ದು, ಮುಳ್ಳು ಕಡಿದು ದಾರಿ ಮಾಡಿದ ಅಪ್ಪನನ್ನೇ. ದೊಡ್ಡಪ್ಪ ತಲೆ ತಗ್ಗಿಸಿ ಉಂಡರಂತೆ.

ಹೋದ ತಿಂಗಳು ಅಪ್ಪನ ಶೂ ಮತ್ತೆ ರಿಪೇರಿಗೆ ಹೋಗಿತ್ತು. ಬೊಟ್ಟುಗಳು ಸವೆದು ಚಪ್ಪಟೆಯಾಗಿದ್ದವು. ದೊಡ್ಡಪ್ಪ ಅವನ್ನು ಕಿತ್ತು, ಹೊಸದಾಗಿ ಮೂರು ಅಂಟಿಸುತ್ತಿದ್ದರು.

"ಇನ್ನೂ ಯಾಕ್ರೀ ಅದು?" ಎಂದರು ದೊಡ್ಡಮ್ಮ.

"ನನ್ನ ಬಂಡೆ ಹತ್ರ ಬಂದು ಹೋದ್ನಾ ಅಂತ ಗೊತ್ತಾಗ್ಬೇಡ್ವಾ?" ಎಂದು ದೊಡ್ಡಪ್ಪ ಬೊಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು.