ಕಡಕ್ ಮಾಡ್ರಿ ಅಂದಿದ್ದ

ಆಳಂದ ಮುಗಿದು ಅಫಜಲಪುರದ ರಸ್ತೆ ಶುರುವಾಗುವಲ್ಲಿ ಹುಲೆಪ್ಪ ಮಿಸ್ತ್ರಿಯ ತಗಡಿನ ಶೆಡ್ಡು. ಮೂವತ್ತು ವರ್ಷದಿಂದ ಅಲ್ಲಿ ಒಂದೇ ಕೆಲಸ, ಗಾಡಿಗಳ ಕುಲುಕಾಟ ತೆಗೆಯುವುದು. ಇಂಜಿನ್ ಕೆಟ್ಟಿದೆ ಅಂತ ಯಾರಾದರೂ ಬಂದರೆ ಮೋರೆ ಗಂಟಿಕ್ಕಿ ಮುಂದಿನ ಗ್ಯಾರೇಜಿನ ಕಡೆ ಕೈ ತೋರಿಸುತ್ತಾನೆ. ಸ್ಪ್ರಿಂಗಿನ ಪಾಟಾ ಮುರಿದ ಲಾರಿಯೋ ಶಾಕಪ್ ಸೋರಿದ ಜೀಪೋ ಬಂದರೆ ಮಾತ್ರ ಆ ಮೋರೆ ಅರಳುತ್ತಿತ್ತು. ಈಗ ಎರಡು ವರ್ಷದಿಂದ ಅದಕ್ಕೂ ಅರಳುವುದಿಲ್ಲ.

ಅವನ ಟ್ರಾಯಲ್ ಊರಿಗೆಲ್ಲ ಗೊತ್ತು. ಕೆಲಸ ಮುಗಿದ ಮೇಲೆ ಎದುರಿನ ಖಾಸೀಂಬಿಯ ಹೋಟೆಲಿನಿಂದ ಗ್ಲಾಸು ತುಂಬ ಚಾ ತರುತ್ತಾನೆ. ಗಾಡಿಯವನ ಪಕ್ಕದಲ್ಲಿ ಕೂತು, ಗ್ಲಾಸು ತೊಡೆಯ ಮೇಲೆ ಹಿಡಿದು, ದೊಡ್ಡ ಬೇವಿನ ಮರದವರೆಗೆ ಹೋಗಿ ಬರುತ್ತಾನೆ. ಪ್ಯಾಂಟಿನ ಮೇಲೆ ಒಂದು ಹನಿ ಬಿದ್ದರೂ ಮುಗಿಯಿತು, ಮತ್ತೆ ಎಲ್ಲ ಬಿಚ್ಚುತ್ತಾನೆ. ಗಾಡಿಯವರು ಬಯ್ಯುತ್ತಾರೆ, ಆದರೂ ಇವನ ಹತ್ತಿರವೇ ಬರುತ್ತಾರೆ.

ಇನ್ನೊಂದು ಚಾಳಿ ಹೆಂಡತಿ ಮಲ್ಕಮ್ಮನಿಗೆ ಚೆನ್ನಾಗಿ ಗೊತ್ತು. ಕಡಕ್ ಎಂಬ ಮಾತು ಅವನಿಗೆ ಆಗುವುದಿಲ್ಲ. ಈ ಸೀಮೆಯಲ್ಲಿ ಆ ಮಾತಿಲ್ಲದೆ ಬದುಕುವುದುಂಟೇ? ಚಾ ಕಡಕ್, ರೊಟ್ಟಿ ಕಡಕ್, ಇಸ್ತ್ರಿ ಮಾಡಿದ ಅಂಗಿ ಕಡಕ್, ಶಾಲೆಯ ಮಾಸ್ತರೂ ಕಡಕ್! ಒಮ್ಮೆ ಅವಳು, "ಕಡಕ್ ರೊಟ್ಟಿ ಹಾಕ್ಲೇನ್ರಿ?" ಅಂದದ್ದಕ್ಕೆ ಗಂಗಾಳ ಬಿಟ್ಟು ಎದ್ದುಹೋಗಿದ್ದ.

"ಏನ್ ಭೂತ ಹೊಕ್ಕದೋ ಈ ಮನಷ್ಯಾಗ," ಅಂತ ಗೊಣಗಿ, ಅವತ್ತಿನಿಂದ ಅವಳು ಒಣಾ ರೊಟ್ಟಿ ಅನ್ನತೊಡಗಿದಳು.

ಅವಳಿಗೆ ಅರ್ಥವಾಗದ್ದು ಅವನ ಹಳೆಯ ಮೊಬೈಲು. ಗಾಜು ಸೀಳಿದೆ, ಅದರಿಂದ ಅವನು ಯಾರಿಗೂ ಫೋನು ಹಚ್ಚುವುದಿಲ್ಲ, ಕಿಸೆಯಲ್ಲಿ ಹೊಸದೊಂದು ಇದೆ. ಆದರೂ ದಿನಾ ಬೆಳಿಗ್ಗೆ ಅದನ್ನು ಚಾರ್ಜಿಗೆ ಹಾಕಿ, ಒಮ್ಮೆ ತೆರೆದು ನೋಡಿ, ಮುಚ್ಚಿಡುತ್ತಾನೆ. ಅದರಲ್ಲಿ ಸುನೀಲಕುಮಾರ ವಾಟ್ಸಾಪಿನಲ್ಲಿ ಕಳಿಸಿದ ಹತ್ತೊಂಬತ್ತು ಸೆಕೆಂಡಿನ ಮಾತು ಇದೆ. ಹುಲೆಪ್ಪ ಅದನ್ನು ಇನ್ನೂ ಕೇಳಿಲ್ಲ.

ಸುನೀಲಕುಮಾರನೆಂದರೆ ತೊಗರಿ ವ್ಯಾಪಾರದ ಕಲ್ಯಾಣಪ್ಪನವರ ಮಗ. ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು ಕೊಂಡು, ಊರಿನ ರಸ್ತೆಯ ಹಂಪುಗಳ ಮೇಲೆ ಅದರ ಹೊಟ್ಟೆ ಉಜ್ಜಿಸಿಕೊಂಡು ತಿರುಗುತ್ತಿದ್ದವ. ಒಂದು ದಿನ ಬಂದು, ಇದರ ಸಸ್ಪೆನ್ಶನ್ ಬದಲಿಸಬೇಕು, ಬರೀ ಸ್ಪ್ರಿಂಗ್ ಹಾಕಿಸಲೋ ಪೂರಾ ಸೆಟ್ಟು ತರಿಸಲೋ ಅಂತ ಕೇಳಿದ. ಲಾರಿ ಮಿಸ್ತ್ರಿಯನ್ನು ಇಂಥ ಗಾಡಿಯ ಮಾತಿಗೆ ಯಾರು ಕೇಳುತ್ತಾರೆ? ಹುಲೆಪ್ಪ ಹಿಗ್ಗಿಹೋಗಿದ್ದ.

"ತಿರುವೋ ಗುಂಡಿ ಇದ್ದ ಸೆಟ್ಟೇ ತರಸ್ರಿ. ನಮ್ಮದು ಕರಿ ನೆಲ, ಮಳಿ ಬಿತ್ತಂದ್ರ ಡಾಂಬರು ಅಲಿ ಅಲಿ ಆಗ್ತದ. ಬ್ಯಾಸಗ್ಯಾಗ ಒಂಥರಾ, ಮಳಿಗಾಲದಾಗ ಒಂಥರಾ ತಿರುವಕೋಬಹುದು," ಅಂದ.

ಸೆಟ್ಟು ಪುಣೆಯಿಂದ ಬಂತು. ಎರಡು ದಿನ ಕೂತು ಜೋಡಿಸಿದ. ಪ್ರತಿ ಶಾಕಪ್ಪಿನ ತಲೆಗೆ ಒಂದು ಗುಂಡಿ, ಇಪ್ಪತ್ತನಾಲ್ಕು ಟಿಕ್. ಎಡಕ್ಕೆ ತಿರುಗಿಸಿದರೆ ಮೆತ್ತಗೆ, ಬಲಕ್ಕೆ ತಿರುಗಿಸಿದರೆ ಬಿಗಿ. ಎಷ್ಟಕ್ಕೆ ಇಡಲಿ ಅಂತ ಕೇಳಿದಾಗ ಹುಡುಗ ಫೋನಿನಲ್ಲಿ ಯಾರೊಂದಿಗೋ ನಗುತ್ತಲೇ, "ಕಡಕ್ ಮಾಡ್ರಿ ಕಾಕಾ, ಒಂದ್ ನಂಬರ್ ಕಡಕ್!" ಅಂದಿದ್ದ.

ಹುಲೆಪ್ಪನ ಕಿವಿ ಲಾರಿಯವರ ಮಾತಿಗೆ ಪಳಗಿದ್ದು. ಕಬ್ಬು ಹೇರುವವರು ಬಂದು ಕಡಕ್ ಮಾಡು ಅಂದರೆ ಇನ್ನೊಂದು ಪಾಟಾ ಸೇರಿಸಿ ಬಿಗಿ ಮಾಡು ಎಂದೇ ಅರ್ಥ. ಈ ರಸ್ತೆಗೆ ಅಷ್ಟು ಬಿಗಿ ಒಳ್ಳೆಯದಲ್ಲ ಅಂತ ಅವನ ಮನಸ್ಸು ಅಂದಿತು. ಆದರೆ ಓದಿದ ಹುಡುಗ, ತಿಳಿದೇ ಹೇಳಿರಬೇಕು. ಹೊರಗೆ ಖಜೂರಿ ಊರಿನ ಕಬ್ಬಿನ ಲಾರಿಯವನು ಬೇರೆ ಹಾರ್ನ್ ಒತ್ತಿ ಪ್ರಾಣ ತಿನ್ನುತ್ತಿದ್ದ. ನಾಲ್ಕೂ ಗುಂಡಿ ಬಲಕ್ಕೆ ಕೊನೆಯವರೆಗೆ ತಿರುಗಿಸಿಬಿಟ್ಟ. ಟ್ರಾಯಲ್ ನಾನೇ ಮಾಡುತ್ತೇನೆ ಅಂತ ಹುಡುಗ ಹೊರಟ. ಹೋಗಲಿ ಅಂತ ಇವನೂ ಬಿಟ್ಟ. ಜನ್ಮದಲ್ಲಿ ಮೊದಲ ಸಲ ಚಾ ಗ್ಲಾಸಿಲ್ಲದೆ ಒಂದು ಗಾಡಿ ಆ ಶೆಡ್ಡು ದಾಟಿತು.

ಲಾರಿಯ ಕೆಳಗೆ ಸುತ್ತಿಗೆ ಬಡಿಯುತ್ತಿದ್ದವನಿಗೆ ಮೊಬೈಲು ಸದ್ದು ಮಾಡಿದ್ದು ಕೇಳಲಿಲ್ಲ. ಕೈ ಒರೆಸಿಕೊಂಡು ಅದನ್ನು ತೆಗೆಯುವಷ್ಟರಲ್ಲಿ ಜನ ಬೇವಿನ ಮರದ ಕಡೆ ಓಡುತ್ತಿದ್ದರು.

ಅಲೆಯಾದ ಡಾಂಬರಿನ ಮೇಲೆ ಕಾರು ಪುಟಿದು, ಚಕ್ರ ನೆಲ ಬಿಟ್ಟು, ಬಾಗಿಲ ಕಡೆಯಿಂದ ಮರಕ್ಕೆ ಬಡಿದಿತ್ತು. ಹುಡುಗ ಅಲ್ಲೇ ಹೋಗಿಬಿಟ್ಟಿದ್ದ. ಅಫಜಲಪುರದ ಕಡೆ ಹೋದ ಕಾರಿನ ಮೂತಿ ಆಳಂದದ ಕಡೆಗಿತ್ತು. ಗಿರಕಿ ಹೊಡೆದಿರಬೇಕು ಅಂದರು. ಪೊಲೀಸರು ವೇಗ ಅಂತ ಬರೆದುಕೊಂಡರು. ಹುಲೆಪ್ಪನ ಹೆಸರು ಯಾರೂ ಎತ್ತಲಿಲ್ಲ. ಮಾತಾಡಿಸಲು ಹೋದಾಗ ಕಲ್ಯಾಣಪ್ಪನವರು ಇವನ ಕೈ ಹಿಡಿದು, "ನಿನ್ನ ಭಾಳ ಹಚ್ಗೊಂಡಿದ್ದ ನೋಡಪ್ಪಾ," ಅಂತ ಅತ್ತರು. ಅಯ್ಯೋ, ಒಂದು ಏಟು ಹೊಡೆದಿದ್ದರೂ ಇವನಿಗೆ ಹಗುರಾಗುತ್ತಿತ್ತು.

ಹುಡುಗ ತಾನೇ ಕೇಳಿದ್ದ, ತಾನೇ ಕಡಕ್ ಅಂದಿದ್ದ. ಎರಡು ವರ್ಷ ಹುಲೆಪ್ಪ ಈ ಒಂದು ಮಾತಿಗೆ ಜೋತುಬಿದ್ದು ದಿನ ದೂಡಿದ. ಮೊಬೈಲಿನಲ್ಲಿದ್ದದ್ದನ್ನು ಕೇಳಿದರೆ ಅದೂ ಕೈ ಬಿಟ್ಟುಹೋದೀತು ಎಂಬ ಹೆದರಿಕೆ. ಮನೆಯ ಗಡಿಯಾರದ ಟಿಕ್ ಟಿಕ್ ತಡೆಯಲಾಗದೆ ಅದರ ಸೆಲ್ಲು ಕಿತ್ತುಹಾಕಿದ್ದ.

ಮೊನ್ನೆ ಬೆಳಿಗ್ಗೆ ಹತ್ತರ ಹೊತ್ತಿಗೆ ಅದೇ ಕೆಂಪು ಕಾರು ಬಂದು ಶೆಡ್ಡಿನ ಮುಂದೆ ನಿಂತಿತು. ಹುಲೆಪ್ಪ ನಟ್ಟು ಬಿಗಿಯುತ್ತಿದ್ದ ಪಾನಾ ಕೈಜಾರಿ ಬಿತ್ತು. ಇಳಿದವಳು ಸುನೀಲನ ತಂಗಿ ಭಾಗ್ಯಜ್ಯೋತಿ, ಜೇವರ್ಗಿಯ ಕಾಲೇಜಿನಲ್ಲಿ ಪಾಠ ಹೇಳುವವಳು.

"ಶರಣ್ರಿ ಕಾಕಾ. ಅಪ್ಪ ಗುಜರಿಗೆ ಹಾಕ್ತೇನಿ ಅಂದ್ರು, ನಾ ಬಿಡ್ಲಿಲ್ಲ. ಸೊಲ್ಲಾಪುರದಾಗ ಬಾಡಿ ಕೆಲಸ ಆತು, ಕೆಳಗಿಂದು ಯಾರಿಗೂ ಮುಟ್ಟಾಕ ಬಿಟ್ಟಿಲ್ಲ. ಜೇವರ್ಗಿಗೆ ಒಯ್ಯಾಕತ್ತೇನಿ. ಅಣ್ಣ ಹೆಂಗ ಇಟ್ಟಿದ್ನೋ ಹಂಗೇ ಅದೋ ಇಲ್ಲೋ, ಒಂಚೂರು ನೋಡ್ರಿ."

ಹುಲೆಪ್ಪ ಬಾನೆಟ್ ಎತ್ತಿ ಗುಂಡಿಯ ಮೇಲೆ ಬೆರಳಿಟ್ಟ. ಬಲಕ್ಕೆ ತಿರುಗಿಸಿ ನೋಡಿದ. ತಿರುಗಲಿಲ್ಲ. ಎರಡು ವರ್ಷದ ಹಿಂದಿನ ತನ್ನದೇ ಕೈ ಅಲ್ಲಿ ಗಟ್ಟಿಯಾಗಿ ಕೂತಿತ್ತು. ಸುಮ್ಮನೆ ಸಡಿಲಿಸಿ, ಸರಿ ಇದೆ ಅಂದರಾಯಿತು. ಹುಡುಗಿಯೂ ಉಳಿಯುತ್ತಾಳೆ, ತಾನೂ ಉಳಿಯುತ್ತೇನೆ. ಎಡಕ್ಕೆ ತಿರುಗಿಸತೊಡಗಿದ. ಟಿಕ್. ಟಿಕ್. ಟಿಕ್.

"ಏನ್ ಮಾಡಾಕತ್ತೀರಿ ಕಾಕಾ? ಅಣ್ಣನ ಸೆಟ್ಟಿಂಗ್ ಕೆಡಸಬ್ಯಾಡ್ರಿ!"

ಹುಲೆಪ್ಪನಿಗೆ ತಡೆಯಲಾಗಲಿಲ್ಲ. "ಇದು ನಿಮ್ಮಣ್ಣಂದಲ್ಲವ್ವಾ. ನಂದು."

ನಿಂತಲ್ಲೇ ಎಲ್ಲ ಹೇಳಿದ. ಗುಂಡಿ ಕೊನೆಯವರೆಗೆ ತಿರುಗಿಸಿದ್ದು, ಟ್ರಾಯಲ್ ಬಿಟ್ಟದ್ದು, ಮನಸ್ಸು ಬೇಡ ಅಂದರೂ ಬಾಯಿ ಬಿಡದಿದ್ದದ್ದು. ಕೊನೆಗೆ ಹಳೆಯ ಮೊಬೈಲು ತಂದು ಅವಳ ಕೈಗೆ ಕೊಟ್ಟ. "ನನಗ ಧೈರ್ಯ ಸಾಲವಲ್ದು. ನೀನೇ ಹಚ್ಚವ್ವಾ."

ಅವಳು ಒತ್ತಿದಳು. ಮೊದಲು ನಗು, ಸುನೀಲನದೇ, ಶೆಡ್ಡು ತುಂಬ.

"ಏನ್ ಕಾಕಾ, ಕಡಕ್ ಮಾಡ್ರಿ ಅಂದ್ರ ಗಾಡಿ ಕಟ್ಟಿಗಿ ಮಾಡಿಟ್ರೆಲ್ಲ! ಕಡಕ್ ಅಂದ್ರ ಮಸ್ತ್ ಅಂತ್ರಿ, ಮಸ್ತ್! ನನ್ನ ಸೊಂಟ ಹೋತು. ಹೊಳ್ಳಿ ಬರಾಕತ್ತೇನಿ, ಟ್ರಾಯಲ್ ನೀವೇ ಮಾಡ್ರಿ. ಚಾ ಹೇಳಿಡ್ರಿ, ಕಡಕ್ ಇರ್ಲಿ!"

ಕಾರು ಗಿರಕಿ ಹೊಡೆದಿರಲಿಲ್ಲ. ಹುಡುಗ ಇವನ ಹತ್ತಿರವೇ ವಾಪಸು ಬರುತ್ತಿದ್ದ. ಹುಲೆಪ್ಪ ಹಳೆಯ ಟೈರಿನ ಮೇಲೆ ಕೂತ. ಬಯ್ಯಲಿ, ಉಗುಳಲಿ, ಪೊಲೀಸರನ್ನು ಕರೆಯಲಿ ಅಂತ ಕಾದ.

ಭಾಗ್ಯಜ್ಯೋತಿ ಮೊಬೈಲನ್ನು ಎದೆಗೆ ಒತ್ತಿ ಹಿಡಿದಿದ್ದಳು. "ಕೈ ತಪ್ಪತಾವ ಕಾಕಾ. ಮಂದಿ ಕೈ ತಪ್ಪತಾವ," ಅಂದಳು. "ಆದ್ರ ಅಂವ ನಗಾಕತ್ತಿದ್ನಲ್ರಿ. ನಮ್ಮವ್ವ ಅವನ ದನಿ ಒಮ್ಮಿ ಕೇಳಬೇಕಂತ ಎರಡು ವರ್ಷ ಬಡಕೊಂಡಾಳ. ಮನ್ಯಾಗ ಒಂದು ತುಣುಕು ದನಿ ಇರ್ಲಿಲ್ಲ. ನೀವು ಈ ನಗು ಕಿಸೇದಾಗ ಇಟ್ಕೊಂಡು ಕೂತಿದ್ರಿ?"

ಆ ತಪ್ಪು ಹುಲೆಪ್ಪನಿಗೆ ಹೊಳೆದೇ ಇರಲಿಲ್ಲ.

ಅವಳೇ ಬಾನೆಟ್ಟಿನ ಕಡೆ ಕೈ ತೋರಿಸಿ, "ಏಳ್ರಿ. ರಸ್ತಾಕ್ಕ ಹೆಂಗ ಬೇಕೋ ಹಂಗ ಇಡ್ರಿ. ಟ್ರಾಯಲ್ ಮಾಡೂಣು," ಅಂದಳು.

ನಾಲ್ಕೂ ಗುಂಡಿ ಒಂಬತ್ತನೆಯ ಟಿಕ್ಕಿಗೆ ತಂದು ನಿಲ್ಲಿಸಿದ. ರಸ್ತೆ ದಾಟಿ ಖಾಸೀಂಬಿಯ ಮುಂದೆ ನಿಂತು, "ಒಂದು ಚಾ," ಅಂದ. ಹೊರಳಿ ಕಾರನ್ನೊಮ್ಮೆ ನೋಡಿ, "ಕಡಕ್ ಇರ್ಲಿ," ಅಂದ. ಮುದುಕಿ ಎರಡು ವರ್ಷದ ಮೇಲೆ ಆ ಮಾತು ಕೇಳಿ ಅವನ ಮುಖವನ್ನೇ ನೋಡಿದಳು.

ಕಾರು ಹೊರಟಿತು. ಅಲೆಯಾದ ಡಾಂಬರಿನ ಮೇಲೆ ಒಂದು ಹನಿಯೂ ತುಳುಕಲಿಲ್ಲ. ಬೇವಿನ ಮರದ ಹತ್ತಿರ ಭಾಗ್ಯಜ್ಯೋತಿ ಕಾರು ತಿರುಗಿಸಿ, ಮೂತಿ ಆಳಂದದ ಕಡೆ ಮಾಡಿ ನಿಲ್ಲಿಸಿದಳು. ಮೊಬೈಲು ತೆಗೆದು ಮತ್ತೊಮ್ಮೆ ಒತ್ತಿದಳು. ಸುನೀಲ ನಕ್ಕ.

ಹುಲೆಪ್ಪನ ತೊಡೆಯ ಮೇಲೆಲ್ಲ ಚಾ ಚೆಲ್ಲಿತು.

"ಮತ್ತ ಬಿಚ್ಚತೀರೇನ್ರಿ ಕಾಕಾ?" ಅಂತ ಅವಳು ಮೆಲ್ಲಗೆ ಕೇಳಿದಳು.

"ಇಲ್ಲವ್ವಾ," ಅಂದ ಹುಲೆಪ್ಪ. "ಗಾಡಿ ಸರಿ ಅದ."